ಟವೆಲ್ಲಿನೊಳಗಿನ ಬಡಿತ

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಮಾತು ಶುರು ಮಾಡಿದರೆ ನಾನು ಟವೆಲ್ ಕೊಡವಿ ಎದ್ದು ಹೋಗುವವನು. ನಮ್ಮ ದಂಧೆಯಲ್ಲಿ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಇಷ್ಟೇ ಲೆಕ್ಕಕ್ಕೆ. ಎತ್ತಿನ ಹಲ್ಲು ನೋಡಬೇಕು, ಗೊರಸು ನೋಡಬೇಕು, ನಾಲ್ಕು ಹೆಜ್ಜೆ ನಡೆಸಬೇಕು. ಸುಳಿ ಚಲೋ ಇದೆ ಎಂದು ಪುಸಲಾಯಿಸುವವನ ಮಾತು ಕೇಳಲೇಬಾರದು. ಹೀಗೆ ಬದುಕಿದವನು ಈಗ ಇದನ್ನು ಬರೆಯಲು ಕುಳಿತಿದ್ದೇನೆ. ಇವನ ಬುದ್ಧಿ ಬದಲಾಯಿತು ಎಂದುಕೊಳ್ಳಬೇಡಿ. ಬದಲಾಗಿಲ್ಲ. ಆದರೆ ಆದದ್ದನ್ನು ಆಗಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಾನು ಕೆಂಭಾವಿ ಸಂತೆಯಲ್ಲಿ ದನದ ದಲ್ಲಾಳಿ. ಅಪ್ಪ ಕೂಲಿ ಮಾಡಿದವನು. ನಾನು ಮಂದಿಯ ಎತ್ತಿನ ಹಗ್ಗ ಹಿಡಿದು ನಿಂತು ನಿಂತೇ ಈ ವಿದ್ಯೆ ಕಲಿತೆ. ಕೆನಾಲಿನ ನೀರು ಬಂದ ಮೇಲೆ ಜೋಳದ ಹೊಲಕ್ಕೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರ್ ಬಂತು, ಎತ್ತಿನ ಸಂತೆ ಸಣ್ಣದಾಯಿತು. ಆದರೂ ನಾನು ಬಿಟ್ಟಿಲ್ಲ. ನಮ್ಮಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಒಪ್ಪದವನು ಕೈ ಎಳೆದುಕೊಂಡರೆ ಸೌದಾ ಮುರಿಯಿತು. ಒಮ್ಮೆ ಮುರಿದ ಮೇಲೆ ಆ ಗಿರಾಕಿ ಅದೇ ಜೋಡಿಗೆ ಮತ್ತೆ ಕೈ ಚಾಚುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿಯೂ ಇಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಸಂತೆ ಕರಗುವ ಹೊತ್ತು, ದನಗಳನ್ನು ಟೆಂಪೋಕ್ಕೆ ಹತ್ತಿಸುತ್ತಿದ್ದರು. ನಾನು ಬೇವಿನ ಗಿಡದ ಕೆಳಗೆ ಕುಳಿತಿದ್ದೆ. ಒಬ್ಬ ಮುದುಕ ಬಂದು ಎದುರಿಗೆ ಕುಳಿತು ಸುಮ್ಮನೆ ಕೈ ಚಾಚಿದ. ಧೋತರ, ರುಮಾಲು, ಹೊಲದಿಂದ ಬಂದವರ ಹಾಗೆ ಧೂಳು ಹತ್ತಿದ ಕಾಲು. ಅವನ ಹತ್ತಿರ ದನ ಇರಲಿಲ್ಲ. ನನ್ನ ಬಳಿ ಉಳಿದಿದ್ದ ಜೋಡಿಯ ಮೇಲೆ ಕಣ್ಣಿರಬೇಕು ಎಂದುಕೊಂಡು ಟವೆಲ್ ಹಾಕಿದೆ.

ಅವನು ನನ್ನ ಬೆರಳು ಹಿಡಿಯಲಿಲ್ಲ. ತನ್ನ ಬೆರಳ ತುದಿಗಳನ್ನು ನನ್ನ ಅಂಗೈಗೆ ಊರಿ ಒತ್ತತೊಡಗಿದ. ಮೆತ್ತಗೆ ಒಂದು, ಅದರ ಬೆನ್ನಿಗೇ ಇನ್ನೊಂದು, ಆಮೇಲೆ ಏನೂ ಇಲ್ಲ, ಆಮೇಲೆ ಒದ್ದಂತೆ ಒಂದು. ಮತ್ತೆ ಅದೇ. ನಮ್ಮ ಲೆಕ್ಕದಲ್ಲಿ ಅಂಥ ರೇಟೇ ಇಲ್ಲ. ಎಷ್ಟಂತ ಸರಿಯಾಗಿ ಹೇಳ್ರಿ ಯಜಮಾನ್ರ, ಎಂದೆ.

"ಹೇಳಾಕತ್ತೇನಲ್ಲ. ಸುಮ್ನ ಹಿಡ್ಕೊ," ಎಂದ.

ಹಿಡಿದೆ. ಕೈಯೊಳಗೆ ಗುಬ್ಬಿ ಸಿಕ್ಕಿಬಿದ್ದ ಹಾಗಿತ್ತು. ಆಮೇಲೆ ಆ ಒತ್ತು ನಿಂತಿತು. ಮತ್ತೆ ಬರುತ್ತದೆ ಎಂದು ಕಾದೆ, ಬರಲಿಲ್ಲ. ಕಾದು ಕಾದು ತಡೆಯಲಾಗದೆ ಕೈ ಕಿತ್ತುಕೊಂಡೆ.

"ಸೌದಾ ಮುರೀತೇನು?" ಎಂದು ಕೇಳಿದ.

"ಮುರೀತ್ರಿ. ದನಾನೂ ಇಲ್ಲ, ರೇಟೂ ಇಲ್ಲ, ಎಂಥಾ ಸೌದಾ ಇದು?"

"ಛಲೋ ಆತು ಬಿಡು," ಎಂದವನು ಟವೆಲ್ ಮಡಚಿ ನನ್ನ ಹೆಗಲಿಗೆ ಹಾಕಿ ಎದ್ದು ಹೋದ.

ಗಾಳಿಯಲ್ಲಿ ಕರಗಿ ಹೋದ ಎಂದು ನಾನು ಹೇಳುವುದಿಲ್ಲ. ಕಾಲಿನಿಂದ ನಡೆದೇ ಹೋದ. ಪಕ್ಕದಲ್ಲಿದ್ದ ದಲ್ಲಾಳಿ ಖಾಜಾಸಾಬ್ ಅವನ ಬೀಡಿಗೆ ಬೆಂಕಿಯನ್ನೂ ಕೊಟ್ಟ. ಆಮೇಲೆ ನನ್ನ ಮುಖ ನೋಡಿ, "ಬಾಯಿ ಒಣಗೇದಲ್ಲೋ ಮಾರಾಯಾ, ಅಷ್ಟ ಕಮ್ಮಿ ಕೇಳಿದನೇನು?" ಎಂದು ನಕ್ಕ. ನಾನೂ ನಕ್ಕೆ. ತಲೆ ಕೆಟ್ಟ ಮುದುಕ ಎಂದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಮಗಳು ನಿಂಗಮ್ಮ ಅಂಗೈಗೆ ಮುಳ್ಳು ಚುಚ್ಚಿಸಿಕೊಂಡು ಕುಳಿತಿದ್ದಳು. ಆಗ ಅವಳು ಪಿಯುಸಿ. ಎಂಟುನೂರು ಮೀಟರ್ ಓಟದಲ್ಲಿ ತಾಲೂಕಿಗೆ ಮೊದಲು ಬಂದಿದ್ದಳು, ಯಾದಗಿರಿಯ ಜಿಲ್ಲಾ ಮೀಟು ಹತ್ತಿರ ಬಂದಿತ್ತು. ದಿನಾ ಕೆನಾಲ್ ದಂಡೆಯ ಮೇಲೆ ಓಡುತ್ತಿದ್ದಳು. ಕಾಲು ಜಾರಿ ಜಾಲಿ ಕಂಟಿಯ ಮೇಲೆ ಬಿದ್ದೆ ಅಂದಳು. ಸೂಜಿ ತಗೊಂಡು ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದೆ.

ಮೆತ್ತಗೆ ಒಂದು, ಅದರ ಬೆನ್ನಿಗೇ ಇನ್ನೊಂದು, ಆಮೇಲೆ ಏನೂ ಇಲ್ಲ, ಆಮೇಲೆ ಒದ್ದಂತೆ ಒಂದು.

ಮುಳ್ಳು ತೆಗೆಯುವುದನ್ನು ಬಿಟ್ಟು ಹಾಗೇ ಕುಳಿತೆ. "ಎಪ್ಪಾ, ಮುಳ್ಳು ಕೈಯಾಗ ಐತಿ, ನನ್ನ ಮುಖದಾಗ ಏನ ಹುಡುಕಾಕತ್ತಿ?" ಎಂದಳು. ಎಷ್ಟು ಸಲ ನಾಡಿ ಹಿಡಿದು ನೋಡಿದರೂ ಅದೇ. ನೂರಾರು ಜನರ ಕೈ ಹಿಡಿದು ಹೊಟ್ಟೆ ಹೊರೆದವನು ನಾನು. ಹಿಡಿದ ಕೈಯನ್ನು ನನ್ನ ಕೈ ಮರೆಯುವುದಿಲ್ಲ.

ಹೆಂಡತಿ ಶಾಂತಮ್ಮನಿಗೆ ಸಂತೆಯ ಸಂಗತಿ ಹೇಳಿದೆ. ಅವಳು ನಿಂಬೆಹಣ್ಣು ನಿವಾಳಿಸೋಣ ಎಂದಳು. ಬೇಡ, ನಾಳೆ ಶಹಾಪುರದ ಆಸ್ಪತ್ರೆಗೆ ನಡೆಯಿರಿ ಎಂದೆ. ಕಾಲೇಜಿನ ಪಿ.ಟಿ. ಮಾಸ್ತರರಿಗೆ ತಿಳಿದು ಮನೆಗೇ ಬಂದರು. ಹುಡುಗಿ ಗುಂಡಿನಂಗ ಇದ್ದಾಳೆ, ಮೀಟು ಮುಂದಿಟ್ಟುಕೊಂಡು ಇದೆಂಥ ಹುಚ್ಚು ಎಂದು ತರಾಟೆಗೆ ತಗೊಂಡರು. ಒಳ್ಳೆಯ ಮನುಷ್ಯ, ಮಗಳ ಮೇಲೆ ಪ್ರೀತಿ ಇದ್ದವರೇ. ಆದರೆ ನಾನೂ ಬಿಡುವವನಲ್ಲ.

"ಸರ, ಎತ್ತು ತಗೋಬೇಕಾದ್ರ ಹಲ್ಲು ನೋಡ್ತೀರೋ ಇಲ್ಲೋ?"

"ನೋಡ್ತೀನಿ."

"ಮತ್ತ ಇಕೀದು ಏನ ನೋಡೀರಿ?"

"ಟೈಮಿಂಗ್," ಎಂದರು. ಹೇಳಿದ ಮೇಲೆ ಅವರಿಗೇ ನಗು ಬಂತು. ನನಗೆ ಬರಲಿಲ್ಲ.

ಶಹಾಪುರದಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಇದ್ದರು. ಎದೆಗೆ, ಕೈಕಾಲಿಗೆ ವಯರ್ ಹಚ್ಚಿ ಇಸಿಜಿ ತೆಗೆದರು. ನೋವಿಲ್ಲ, ಒಂದು ಚಹಾ ಆರುವುದರೊಳಗೆ ಮುಗಿಯಿತು. ನಡುವೆ ನಡುವೆ ಬಡಿತ ತಪ್ಪುವುದು ಬಹಳ ಮಂದಿಗೆ ಇರುತ್ತದೆ, ಅದಕ್ಕೇ ಹೆದರಬೇಕಾಗಿಲ್ಲ, ಆದರೆ ಇಸಿಜಿ ಪಟ್ಟಿಯ ಗೆರೆಗಳು ಬೇರೇನೋ ಹೇಳುತ್ತಿವೆ ಎಂದರು. ಮನೆತನದಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತೇ ಎಂದು ಕೇಳಿದರು. ಯಾರಿಗೂ ಇಲ್ಲ ಎಂದು ನಾನು ಎದೆ ತಟ್ಟಿ ಹೇಳಿದೆ.

ಶಾಂತಮ್ಮ ಹಿಂದಿನಿಂದ, "ಭೀಮಣ್ಣಗ ಗಾಳಿ ಬಡದಿತ್ತಲ್ಲ, ಅದನ್ನರ ಹೇಳ್ರಿ," ಎಂದಳು.

ಭೀಮಣ್ಣ ನನ್ನ ತಮ್ಮ. ಮೀಸೆ ಚಿಗುರುವ ವಯಸ್ಸಿನಲ್ಲಿ ಕಬಡ್ಡಿ ಆಡುತ್ತಾ ಗೆರೆ ಮುಟ್ಟಿ ಬಿದ್ದವನು ಏಳಲೇ ಇಲ್ಲ. ನಡು ಮಧ್ಯಾಹ್ನ ಬಯಲಿನಲ್ಲಿ ಗಾಳಿ ಬಡಿಯಿತು ಎಂದು ಊರು ಹೇಳಿತು, ನಾವೂ ಅದನ್ನೇ ಹೇಳಿಕೊಂಡು ಬಂದೆವು. ಗಾಳಿ ಎಂದರೆ ಎದ್ದು ಹೋಗುವ ನಾನು, ನನ್ನ ಮನೆಯ ಸಾವಿಗೆ ಮಾತ್ರ ಅದೇ ಮಾತನ್ನು ಒಪ್ಪಿ ಕುಳಿತಿದ್ದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಿಂಗಮ್ಮನ ಕಡೆ ತಿರುಗಿ, ಓಡುವಾಗ ಕಣ್ಣು ಕತ್ತಲೆ ಬರುತ್ತದೆಯೇ ಎಂದರು. ಅವಳು, ಅವತ್ತು ಕಾಲು ಜಾರಿರಲಿಲ್ಲ ಎಂದಳು. ಓಡುತ್ತಾ ಓಡುತ್ತಾ ಕತ್ತಲೆ ಕವಿದಿತ್ತು. ಮುಳ್ಳು ಚುಚ್ಚಿದಾಗಲೇ ಎಚ್ಚರವಂತೆ. ಮೀಟು ತಪ್ಪೀತು ಎಂದು ಮುಚ್ಚಿಟ್ಟಿದ್ದಳು. ಅವಳು ಬಿದ್ದದ್ದು ಕೆನಾಲಿನ ಕಡೆಗಲ್ಲ, ಕಂಟಿಯ ಕಡೆಗೆ.

ಕಲಬುರಗಿಗೆ ಕಳಿಸಿದರು. ಅಲ್ಲಿ ಹೃದಯದ ಸ್ಕ್ಯಾನ್ ಮಾಡಿ, ಗೋಡೆ ಒಂದು ಕಡೆ ದಪ್ಪವಾಗಿದೆ, ಹುಟ್ಟಿನಿಂದ ಬಂದ ಗುಣ, ಜೋರು ಓಟದಲ್ಲಿ ಬಡಿತ ಒಮ್ಮೆಲೇ ನಿಂತುಬಿಡಬಹುದು ಎಂದರು. ಗುಳಿಗೆ ಬರೆದರು, ಪಂದ್ಯದ ಓಟ ಬೇಡವೇ ಬೇಡ ಎಂದರು. ಮನೆಮಂದಿಯನ್ನೂ ನೋಡಿದರು. ನನ್ನ ಎದೆಯಲ್ಲೂ ಅದೇ ದಪ್ಪ, ಸ್ವಲ್ಪ ಕಡಿಮೆ. ಈಗ ಅಪ್ಪ ಮಗಳು ಒಂದೇ ಗುಳಿಗೆ ನುಂಗುತ್ತೇವೆ.

ಬದುಕಿಸಿದೆ ಎಂದು ಮಗಳು ನನ್ನ ಕಾಲು ಹಿಡಿದಳು ಎಂದುಕೊಂಡಿರೇನು? ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿ ಕುಳಿತವಳು ಮನೆ ಬರುವವರೆಗೆ ತಿರುಗಲಿಲ್ಲ. ಮೀಟಿನ ದಿನ ಓಟದ ಬೂಟುಗಳನ್ನು ನನ್ನ ಮುಂದೆ ತಂದಿಟ್ಟು, "ಸಂತ್ಯಾಗ ನನ್ನ ಓಟ ಮಾರಿ ಬಂದಿ ನೀ," ಎಂದಳು.

"ಮಾರಿಲ್ಲವ್ವ," ಎಂದೆ, "ಸೌದಾ ಮುರದು ಬಂದೀನಿ."

ಅವಳು ಕೋಪದಲ್ಲಿ ಎರಡು ಮಳೆಗಾಲ ಕಳೆದಳು. ಕಳೆಯಲಿ. ಕೋಪ ಮಾಡಿಕೊಳ್ಳಲು ಅವಳು ಇದ್ದಾಳಲ್ಲ, ನನಗೆ ಅಷ್ಟು ಸಾಕಿತ್ತು. ಈಗ ಕಕ್ಕೇರಾದ ಒಂದು ಶಾಲೆಯಲ್ಲಿ ಮಕ್ಕಳಿಗೆ ಓಟ ಕಲಿಸುತ್ತಾಳೆ. ಪಂದ್ಯಕ್ಕೆ ಹೋಗುವ ಮಕ್ಕಳನ್ನು ಮೊದಲು ಡಾಕ್ಟರ ಹತ್ತಿರ ಕರೆದೊಯ್ದು ಎದೆ ತೋರಿಸಿದ ಮೇಲೆಯೇ ಸೀಟಿ ಊದುತ್ತಾಳೆ. ಹಟ ನನ್ನಿಂದಲೇ ಬಂದದ್ದು.

ನಾನೂ ಸುಮ್ಮನಿಲ್ಲ. ಸುರಪುರ, ಶಹಾಪುರ, ಎಲ್ಲಿ ಪಂದ್ಯ ನಡೆದರೂ ಹೋಗಿ ನಿಲ್ಲುತ್ತೇನೆ. ದನದ ಡಾಕ್ಟರ್ ಬಂದ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಿಮಗೂ ಅದೇ ಹೇಳುವುದು. ಮಕ್ಕಳ ಬೆನ್ನಿಗೆ ನಂಬರು ಹಚ್ಚುವ ಮೊದಲು ಒಮ್ಮೆ ಇಸಿಜಿ ಮಾಡಿಸಿ. ಮನೆಯಲ್ಲಿ ಎಳೆಯ ವಯಸ್ಸಿನಲ್ಲಿ ದಿಢೀರನೆ ಹೋದವರಿದ್ದರೆ ಗಾಳಿ, ದೃಷ್ಟಿ ಎಂದು ಮುಚ್ಚದೆ ಡಾಕ್ಟರಿಗೆ ಹೇಳಿ. ಪಟ್ಟಿಯೊಂದೇ ಎಲ್ಲವನ್ನೂ ಹಿಡಿಯುವುದಿಲ್ಲ, ಒಮ್ಮೊಮ್ಮೆ ಸುಳ್ಳೇ ಹೆದರಿಸುವುದೂ ಉಂಟು. ಅದಕ್ಕೇ ದೊಡ್ಡ ಡಾಕ್ಟರು ಇದ್ದಾರೆ, ಅವರನ್ನು ಕೇಳಿ. ಓಡುವಾಗ ಕಣ್ಣು ಕತ್ತಲೆ ಬಂತು ಎಂದ ಮಗುವಿಗೆ ನಿಂಬೆಶರಬತ್ತು ಕುಡಿಸಿ ಮತ್ತೆ ಓಡಿಸಬೇಡಿ.

ಇನ್ನು ಆ ಮುದುಕ. ಕೆಂಭಾವಿ, ಕಕ್ಕೇರಾ, ಸುರಪುರ, ಎಲ್ಲ ಸಂತೆಗಳಲ್ಲೂ ಹುಡುಕಿದೆ. ಯಾರಿಗೂ ಗೊತ್ತಿಲ್ಲ. ನನಗೆ ನಾನೇ ವಾದ ಹಾಕಿ ನೋಡಿದ್ದೇನೆ. ಅವನ ಕೈ ನಡುಗುತ್ತಿದ್ದಿರಬಹುದು. ಮಗಳ ಕೈಯನ್ನು ಮೊದಲೇ ಎಂದೋ ಹಿಡಿದಿದ್ದು ನನ್ನ ಮನಸ್ಸಿನಲ್ಲಿ ಕುಳಿತಿರಬಹುದು. ಎಲ್ಲ ಸರಿ. ಆದರೆ ನಡುಗುವ ಕೈ ಹಾಗೆ ಒಮ್ಮೆಲೇ ನಿಲ್ಲುವುದಿಲ್ಲ. ಛಲೋ ಆತು ಎಂದು ಯಾಕೆ ಹೇಳಿದ, ಅವನು ಕೊಳ್ಳಲು ಬಂದವನೋ, ಕೊಡಬೇಡ ಎಂದು ಹೇಳಲು ಬಂದವನೋ, ನನಗೆ ಇಂದಿಗೂ ಬಗೆಹರಿದಿಲ್ಲ.

ಸಂತೆಯ ದಿನ ಈಗಲೂ ಅದೇ ಬೇವಿನ ಗಿಡದ ಕೆಳಗೆ ಕೂಡುತ್ತೇನೆ. ಮತ್ತೆ ಬಂದರೆ ಕೂಡಿಸಿ ಚಹಾ ಕುಡಿಸುತ್ತೇನೆ. ಬೇರೆ ಏನನ್ನಾದರೂ ಕೇಳುವುದಿದ್ದರೆ ಟವೆಲ್ಲನ್ನೂ ಹಾಕುತ್ತೇನೆ. ಆದರೆ ಅವತ್ತಿನ ಸೌದಾ ಅವತ್ತೇ ಮುರಿದಿದೆ. ಕೈ ಎಳೆದುಕೊಂಡವನು ನಾನು, ಖಾಜಾಸಾಬ್ ಸಾಕ್ಷಿ. ಅದೇ ಬಡಿತಕ್ಕೆ ಅವನು ಮತ್ತೆ ಕೈ ಚಾಚುವಂತಿಲ್ಲ. ಅವನು ಯಾರೇ ಆಗಿರಲಿ, ನಮ್ಮ ಸಂತೆಗೆ ಬಂದ ಮೇಲೆ ನಮ್ಮ ಸಂತೆಯ ಕಾಯಿದೆ.