ಮಗ್ಗದವರ ಹಾಂ

ಪುಟ್ಟಿ ಈಗ ಬರೀ ಪುಟ್ಟಿಯಲ್ಲ, ಸಂಶೋಧಕಿ. ಸಾರ್ವಜನಿಕ ಆರೋಗ್ಯ ಓದುವವರು ಕೊನೆಯ ವರ್ಷ ಸ್ವತಂತ್ರವಾಗಿ ಒಂದು ಸಂಶೋಧನೆ ಮಾಡಬೇಕು. ಸ್ವತಂತ್ರವೆಂದರೆ, ಎಡವಟ್ಟಾದಾಗ ಬೈಸಿಕೊಳ್ಳಲು ಬೇರೆ ಯಾರೂ ಸಿಗುವುದಿಲ್ಲ ಎಂದರ್ಥ. ಅದು ಅವಳಿಗೆ ತಡವಾಗಿ ತಿಳಿಯಿತು. ಸದ್ಯಕ್ಕೆ ಗುರುತಿನ ಚೀಟಿಯನ್ನು ಕೊರಳಿಗೆ ತೂಗುಬಿಟ್ಟುಕೊಂಡು, ಹಾಸ್ಟೆಲಿನ ಕನ್ನಡಿಯೆದುರು ಗಂಭೀರವಾಗಿ ತಲೆಯಾಡಿಸುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಳು.

ವಿದ್ಯುತ್ ಮಗ್ಗದ ಸದ್ದಿಗೆ ಕಿವಿ ಮಂದವಾಗುತ್ತದೆಯೇ ಎಂಬುದು ಅವಳ ವಿಷಯ. ಇದೇ ಯಾಕೆ ಎಂದು ಮಾರ್ಗದರ್ಶಕಿ ಮೇಡಂ ಕೇಳಿದಾಗ ದೊಡ್ಡದೊಡ್ಡ ಮಾತಾಡಿದಳು. ನಿಜವಾಗಿ, ಅಪ್ಪ ಜೀವಮಾನವೆಲ್ಲ ಮಗ್ಗದ ಮುಂದೆ ನಿಂತವರು. ಎಣ್ಣೆ, ನೂಲಿನ ಧೂಳು ಬೆರೆತ ಶೆಡ್ಡಿನ ವಾಸನೆ ಮೂಗಿಗೆ ಬಡಿದರೆ ಅವಳಿಗೆ ಮನೆ ಮುಟ್ಟಿದ ಹಾಗಾಗುತ್ತಿತ್ತು. ಮನೆಯೋ ಬಸ್ಸಿನಲ್ಲಿ ಇಡೀ ಹಗಲಿನ ದಾರಿ. ಹಾಗಾಗಿ ದಿನಾ ಸಂಜೆ ಫೋನು.

"ಅಪ್ಪಾ, ಊಟ ಸೇರ್ತಿದೆಯಾ?"

"ಹಾಂ."

"ನನ್ನ ನೆನಪಾಗತ್ತಾ?"

"ಹಾಂ."

ಆ ಒಂದಕ್ಷರವನ್ನು ದಿಂಬಿನಡಿ ಇಟ್ಟುಕೊಂಡವಳಂತೆ ಮಲಗುತ್ತಿದ್ದಳು.

ಹಾಸ್ಟೆಲಿನ ಊರಿನ ಮಗ್ಗದ ಶೆಡ್ಡಿನಲ್ಲಿ ಸಂಶೋಧನೆಯ ಕೆಲಸವೂ ಸಲೀಸಾಗಿ ಸಾಗಿತು. "ಕಿವಿ ಚೆನ್ನಾಗಿ ಕೇಳ್ಸತ್ತಾ ಅಣ್ಣಾ?" ಎಂದರೆ ಒಬ್ಬರ ಮೇಲೊಬ್ಬರು "ಹಾಂ" ಎಂದರು. ಯಾರ ಕಿವಿಗೂ ಕುಂದಿಲ್ಲ! ಜಗತ್ತೇ ಬೆರಗಾಗುವ ಶೋಧ. ಸನ್ಮಾನಕ್ಕೆ ಉತ್ತರವಾಗಿ ಆಡಬೇಕಾದ ಮೊದಲ ವಾಕ್ಯವೂ ಸಿದ್ಧವಾಯಿತು.

ಕೊನೆಗೆ ಉಳಿದವನು ದಪ್ಪ ಮೀಸೆಯ ನೇಕಾರ. ಟೀ ಹೊತ್ತು, ಮಗ್ಗಗಳೆಲ್ಲ ನಿಂತಿದ್ದವು. ಉಳಿದವರ ಹೆಸರನ್ನು ಹಾಜರಿ ಪುಸ್ತಕದಿಂದ ಇಳಿಸಿಕೊಂಡಿದ್ದಳು; ದಣಿವಿನಲ್ಲಿ ಇವನದು ಬಿಟ್ಟುಹೋಗಿತ್ತು.

"ನಿಮ್ಮ ಹೆಸರೇನಣ್ಣಾ?"

"ಹಾಂ."

ಯಾವ ತಾಯಿಯೂ ಮಗನಿಗೆ ಹಾಂ ಎಂದು ಹೆಸರಿಟ್ಟಿರಲಾರಳು.

"ಹೆಸರು! ಹೆಸರು!"

"ಓ, ಹೆಸರಾ? ಹಾಗೆ ಬಾಯ್ಬಿಟ್ಟು ಹೇಳಮ್ಮ. ಪಿಸಪಿಸ ಅಂದ್ರೆ ಯಾರಿಗೆ ಕೇಳ್ಸತ್ತೆ?"

ಅವಳು ತುಂಬಿಸಿದ್ದ ಹಾಳೆಗಳನ್ನೆಲ್ಲ ಹಿಂದಕ್ಕೆ ತಿರುವಿದಳು. ಅಷ್ಟು ಜನ ಅಂದದ್ದು ಹೌದು ಎನ್ನುವ ಹಾಂ ಅಲ್ಲ, ಏನಂದೆ ಎನ್ನುವ ಹಾಂ. ಶೋಧ ಮಣ್ಣುಪಾಲಾದರೆ ಆಗಲಿ, ಫೋನಿನಲ್ಲಿ ಅಪ್ಪ ಅನ್ನುವ ಹಾಂ ಯಾವುದು?

"ಕಿವಿ ಅಳೆಯೋ ಯಂತ್ರ ತಗೊಂಡು ಮೊದಲಿಂದ ಮಾಡು. ಈ ಸಲ ಬಾಯಿ ಕಡಿಮೆ ಇರ್ಲಿ," ಎಂದರು ಮೇಡಂ. ಅವಳು ಗಂಭೀರವಾಗಿ ತಲೆಯಾಡಿಸಿ, ನೆಟ್ಟಗೆ ಊರಿನ ಬಸ್ಸು ಹತ್ತಿದಳು.

ಅಪ್ಪ ಬಾಗಿಲ ಬಳಿ ಕುರ್ಚಿಯಲ್ಲಿದ್ದರು. ಚೀಲವನ್ನೂ ಇಳಿಸದೆ ಅವರ ಕಿವಿಗೆ ಬಾಯಿಟ್ಟು ಕೂಗಿದಳು:

"ನನ್ನ ನೆನಪಾಗ್ತಿತ್ತಾ?"

ಎದುರುಮನೆಯಾಕೆ ಕಿಟಕಿಯಿಂದ ಇಣುಕಿದಳು.

"ಊರಿಗೆಲ್ಲ ಕೇಳೋ ಹಾಗೆ ಯಾಕೆ ಕೂಗ್ತೀಯೇ? ನಾನೇನು ಕಿವುಡನಾ?"

"ಹಾಗಾದ್ರೆ ಫೋನಲ್ಲಿ ನಾ ಅಂದಿದ್ದೆಲ್ಲ ಕೇಳ್ಸಿತ್ತಾ?"

ಅಪ್ಪ ಅವಳ ಕೊರಳ ಚೀಟಿಯನ್ನು ಹಿಡಿದು, ಫೋಟೋದ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು.

"ಎಲ್ಲಿ ಕೇಳ್ಸತ್ತೆ ಪುಟ್ಟಿ? ಗುಂಯ್ ಅನ್ನತ್ತೆ ಅಷ್ಟೆ. ಆ ಗುಂಯ್ ನಿಂದು ಅಂತ ಗೊತ್ತಲ್ಲ! ನಾ ಹಾಂ ಅನ್ನದಿದ್ರೆ ನೀ ಫೋನ್ ಇಟ್ಟುಬಿಡ್ತೀಯ."