ಸೆಕೆ ಅಭ್ಯಾಸ ಇರೋ ಊರವರು

ಸಿಂಧನೂರಿನಿಂದ ಅಕ್ಕಿ ಲಾರಿ ತಗೊಂಡು ಮಂಗಳೂರ ಕಡೆ ವರ್ಷಕ್ಕ ನಾಕೈದು ಸರ್ತಿ ಹೋಗ್ತೀನಿ. ಕಡಲ ದಂಡಿ ಊರಿನ ಹವಾ ಪ್ರತಿ ಸರ್ತಿ ಬ್ಯಾರೇನೇ ಇರ್ತೈತಿ, ನನಗದು ಭಾಳ ಸೇರ್ತೈತಿ. ಬ್ಯಾಸಿಗಿ ಮುಗಿಯೋ ಹೊತ್ತಿನ್ಯಾಗ ಮಾತ್ರ ಕುಕ್ಕರಿನ್ಯಾಗ ಕುಂತಂಗ ಆಕ್ಕೈತಿ.

ಅಂಥಾ ಹೊತ್ತಿನ್ಯಾಗ ಒಮ್ಮೆ ಅಲ್ಲಿ ಲಾಡ್ಜಿಗೆ ಇಳಿದೆ. ರೂಮಿನ್ಯಾಗ ಫ್ಯಾನ್ ಹಚ್ಚಿದ್ರ ತಿರುಗವಲ್ದು. ಕೆಳಗ ಬಂದು ಮಾಲಕರಿಗೆ ಹೇಳಿದೆ. ತಮ್ಮ ಟೇಬಲ್ ಫ್ಯಾನಿಗೆ ಮಾರಿ ಕೊಟ್ಟು ಕುಂತಿದ್ದ ಅವರು, "ನೀವು ರಾಯಚೂರು ಕಡೆಯವರಲ್ವಾ? ನಿಮಗೆ ಸೆಕೆ ಅಭ್ಯಾಸ ಉಂಟಲ್ಲ ಮಾರಾಯ್ರೇ!" ಅಂದ್ರು.

ಸಿಟ್ಟು ನೆತ್ತಿಗೇರಿತು. "ಏನ್ರೀ, ನಾವೇನು ಬಿಸಿಲಾಗ ಬೇಯಾಕಂತನ ಹುಟ್ಟೀವೇನು? ನಮ್ಮ ಮನ್ಯಾಗೂ ಕೂಲರ್ ಐತ್ರೀ!" ಅಂದೆ. ಅವರು ನಕ್ರು. ಫ್ಯಾನ್ ರಿಪೇರಿ ಆಗಲಿಲ್ಲ.

ಸಂಜಿಗೆ ಗುಡುಗಿ, ಆ ವರ್ಷದ ಮೊದಲ ಮಳಿ ಧೋ ಅಂತ ಸುರೀತು. ಉರಿಯೋ ಮೈ ತಗೊಂಡು ಅಂಗಳಕ್ಕ ಓಡಿ, ಮಾರಿ ಮ್ಯಾಲೆತ್ತಿ ನಿಂತೆ. ಜೀವ ತಣ್ಣಗಾತು, ಸಿಟ್ಟು ಮಾತ್ರ ತಣ್ಣಗಾಗಲಿಲ್ಲ.

ಮಾಲಕರು ಬಾಗಿಲಾಗ ನಿಂತು ಕೂಗಿದ್ರು: "ಒಳಗೆ ಬನ್ನಿ, ಜ್ವರ ಬರ್ತದೆ! ನಿಮಗೆ ಮಳೆ ಅಭ್ಯಾಸ ಇಲ್ಲ!"

"ಒಳಗ ಯಾಕ ಬರ್ಲಿರೀ?" ಅಂದೆ. "ಫ್ಯಾನ್ ತಿರಗಾಕತ್ತೈತೇನು?"