ನಕ್ಷತ್ರಕ್ಕೆ ಬಟ್ಟೆ ತೊಡಿಸಿದ ಮೇಷ್ಟ್ರು

ನಮ್ಮ ಟೈಪಿಂಗ್ ಮೇಷ್ಟ್ರ ಹಣೆಯಲ್ಲಿ ವಿಭೂತಿಯ ಮೂರು ಪಟ್ಟೆಗಳ ಜೊತೆಗೆ ನಾಲ್ಕನೆಯದೊಂದು ಇರುತ್ತಿತ್ತು, ನೀಲಿಯದು. ಕಾರ್ಬನ್ ಹಾಳೆ ಹಿಡಿದ ಬೆರಳಲ್ಲೇ ಬೆವರು ಒರೆಸಿಕೊಳ್ಳುವ ಅಭ್ಯಾಸ. ಮಧ್ಯಾಹ್ನದ ಹೊತ್ತಿಗೆ ಮೂಗಿನ ತುದಿಯೂ ನೀಲಿಯಾಗುತ್ತಿತ್ತು. ಯಾರಾದರೂ ತೋರಿಸಿದರೆ, "ಇರಲಿ ಬಿಡಿ, ಕೆಲಸ ಮಾಡಿದೀನಿ ಅಂತ ಮನೇಲಿ ನಂಬ್ತಾರೆ" ಅನ್ನುತ್ತಿದ್ದರು.

ಮೈಸೂರಿನ ನಜರ್‌ಬಾದಿನಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಶಾಲೆ. ಕೆಳಗೆ ಗಿರಣಿ ಶುರುವಾದರೆ ಮೇಲೆ ಮೆಷಿನ್ನುಗಳು ಯಾರೂ ಮುಟ್ಟದೆ ಗಡಗಡ ಅನ್ನುತ್ತಿದ್ದವು. ಬೆಳಿಗ್ಗೆ ಹುಡುಗಿಯರಿಗೆ ಪಾಠ. ಆಮೇಲೆ ಹಗಲೆಲ್ಲ ಕೋರ್ಟಿನ ಅಫಿಡವಿಟ್ಟು, ವರ್ಗಾವಣೆ ಅರ್ಜಿ ಟೈಪ್ ಮಾಡುವುದು. ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ಪಿಎಚ್.ಡಿ. ಪ್ರಬಂಧವನ್ನೂ ಅವರೇ ಟೈಪ್ ಮಾಡಿದರು. "ಮಾರ್ಜಿನ್ ಬಿಡದೋರು ಜಗಳಗಂಟರು ಕಣಮ್ಮ" ಎಂಬುದು ಅವರ ಸಿದ್ಧಾಂತ. ಸಮೀಕರಣ ಬಂದಲ್ಲಿ ಜಾಗ ಬಿಟ್ಟುಕೊಡುತ್ತಿದ್ದರು, ನಾನು ಪೆನ್ನಿನಲ್ಲಿ ತುಂಬಿಕೊಳ್ಳುತ್ತಿದ್ದೆ. ಖಗೋಳ ಭೌತವಿಜ್ಞಾನ ಅಂದರೇನು ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಕೇಳದಿರುವುದೇ ಟೈಪಿಸ್ಟನ ಧರ್ಮ ಎಂದು ನಂಬಿದ್ದರು.

ಪಿಎಚ್.ಡಿ. ಆಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಆ ಹೊತ್ತಿಗೆ ವಿಶ್ವವಿದ್ಯಾನಿಲಯದಲ್ಲಿ ನನ್ನ ವಿಷಯಕ್ಕೆ ಒಂದೇ ಒಂದು ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಕರೆದರು. ಡಾಕ್ಟರೇಟ್ ಮುಗಿಸಿದವರು ಸಂಶೋಧನೆ ಮುಂದುವರಿಸಲು ಕೊಡುವ ಅವಕಾಶ ಅದು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ನನಗೆ ಅದೇ ಕೊನೆಯ ವರ್ಷ. ತಪ್ಪಿದರೆ ನನ್ನ ನಕ್ಷತ್ರಗಳ ಸಹವಾಸ ಅಲ್ಲಿಗೆ ಮುಗಿದಂತೆ.

ಅರ್ಜಿ ಕಳಿಸಬೇಕಾದ ವಾರವೇ ಮಗಳಿಗೆ ಸೀತಾಳೆ ಸಿಡುಬು ಎದ್ದಿತು. ರಾಮಕೃಷ್ಣನಗರದ ಮನೆ ಬಿಟ್ಟು ಕದಲುವಂತಿರಲಿಲ್ಲ. ಸಹಿ ಹಾಕಿದ ಅರ್ಜಿಯನ್ನೂ ಕೈಬರಹದ ಸಂಶೋಧನಾ ಪ್ರಸ್ತಾವವನ್ನೂ ಗಂಡನ ಕೈಲಿ ಕೊಟ್ಟು, ಪ್ರಸ್ತಾವವನ್ನು ಟೈಪ್ ಮಾಡಿ ಎರಡನ್ನೂ ನೇರ ಅಂಚೆಗೆ ಹಾಕಿಬಿಡಿ ಎಂದು ಮೇಷ್ಟ್ರಿಗೆ ಹೇಳಿ ಕಳಿಸಿದೆ. ವಾರ ಬಿಟ್ಟು ಹೋಗಿ ಕಾರ್ಬನ್ ಪ್ರತಿ ನೋಡಿದೆ.

ಪ್ರಸ್ತಾವದ ವಿಷಯ 'ನೇಕೆಡ್ ಸಿಂಗ್ಯುಲಾರಿಟಿ', ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಬಾರದಿದ್ದ ಪದ. ದೊಡ್ಡ ನಕ್ಷತ್ರ ತನ್ನೊಳಗೇ ಕುಸಿದರೆ ಅದರ ಕೇಂದ್ರ ಸಾಧಾರಣವಾಗಿ ಕಪ್ಪುಕುಳಿಯೊಳಗೆ ಮರೆಯಾಗುತ್ತದೆ. ಹಾಗೆ ಮರೆಯಾಗದೆ ಬಯಲಲ್ಲೇ ಉಳಿದರೆ ಅದನ್ನು ನಮ್ಮ ಶಾಸ್ತ್ರದವರು ನೇಕೆಡ್, ಅಂದರೆ ಬೆತ್ತಲೆ, ಎನ್ನುತ್ತಾರೆ. ಮೇಷ್ಟ್ರು ಆ ಪದ ಬಂದ ಕಡೆಯಲ್ಲೆಲ್ಲ 'ಇನ್‌ಸಫಿಶಿಯೆಂಟ್ಲಿ ಕ್ಲೋತ್ಡ್' ಎಂದು ಟೈಪ್ ಮಾಡಿದ್ದರು. ಶೀರ್ಷಿಕೆಯಲ್ಲೂ. ಸಾಕಷ್ಟು ಬಟ್ಟೆ ತೊಡದ ನಕ್ಷತ್ರಗಳ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ನಾನು ಅರ್ಜಿ ಹಾಕಿಕೊಂಡಂತಾಗಿತ್ತು.

"ಮೇಷ್ಟ್ರೇ, ಇದೇನಿದು?"

"ಗಾಬರಿಯಾಗ್ಬೇಡಿ. ಮಗೂಗೆ ಹುಷಾರಿಲ್ದೇ ಇರೋ ಗಲಾಟೇಲಿ ಏನೋ ಬರ್ದ್‌ಬುಟ್ಟಿದ್ರಿ, ಸರಿ ಮಾಡಿದೀನಿ. ಹೆಣ್ಣುಮಗಳ ಅರ್ಜಿ. ಓದೋರು ಹಿರಿಯರು. ಹೆಡಿಂಗಲ್ಲೇ ಅಂಥ ಮಾತಿದ್ರೆ ಚೆನ್ನಾಗಿರುತ್ತಾ?"

"ಅದು ಶಾಸ್ತ್ರದ ಪದ. ಪ್ರಪಂಚದಲ್ಲೆಲ್ಲ ಹಾಗೇ ಕರೆಯೋದು."

"ಪ್ರಪಂಚ ಕರೀಲಿ ಕಣಮ್ಮ. ಮೈಸೂರಲ್ಲಿ ಯಾಕೆ?"

ನಾನು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಇದು ಕೊನೆಯ ವರ್ಷ ಎಂಬುದನ್ನೂ ಅಳುತ್ತಲೇ ಹೇಳಿದೆ. ಟೈಪ್ ಮಾಡುತ್ತಿದ್ದ ಹುಡುಗಿಯರ ಕೈ ನಿಂತಿತು. ಮೇಷ್ಟ್ರು ಒಂದು ಲೋಟ ನೀರು ತಂದಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು.

ಮಾರನೆಯ ದಿನ ಶಾಲೆಗೆ ಬೀಗ. ಮದುವೆಗಳಿಗೆ ಮಾತ್ರ ಹಾಕುತ್ತಿದ್ದ ಕರಿ ಕೋಟು ತೊಟ್ಟು, ಹೊಸದಾಗಿ ಟೈಪ್ ಮಾಡಿದ ಸರಿಯಾದ ಪ್ರತಿ ಹಿಡಿದು, ಸೈಕಲ್ಲಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಹೋದರಂತೆ. ಒಳಗೆ ಬಂದ ಅರ್ಜಿಯನ್ನು ಮುಟ್ಟುವ ಹಾಗಿಲ್ಲ ಎಂದು ಗುಮಾಸ್ತರು ವಾಪಸ್ಸು ಕಳಿಸಿದರು. ಇದನ್ನಷ್ಟೇ ನನಗೆ ಹೇಳಿದರು. ಬೇರೆ ಏನು ಮಾಡಿದ್ದರು ಅನ್ನುವುದು ಗೊತ್ತಾಗಿದ್ದು ಸಂದರ್ಶನದ ದಿನ.

ಎದುರಿಗೆ ಮೂವರು ಪ್ರೊಫೆಸರುಗಳು. ಯಾರೂ ಫೈಲಿನಿಂದ ತಲೆ ಎತ್ತುತ್ತಿರಲಿಲ್ಲ, ಒಬ್ಬರ ಭುಜ ಕುಲುಕುತ್ತಿತ್ತು. ಅಧ್ಯಕ್ಷರು ವಯಸ್ಸಾದವರು. ಫೈಲಿನಿಂದ ಒಂದು ರಿಜಿಸ್ಟರ್ಡ್ ಕಾಗದ ತೆಗೆದು ನನಗೆ ಕೊಟ್ಟರು. ಅಫಿಡವಿಟ್ಟಿನ ಶೈಲಿ, ಎರಡೂ ಕಡೆ ಧಾರಾಳ ಮಾರ್ಜಿನ್. 'ಸದರಿ ಅರ್ಜಿದಾರರು ನಿರಪರಾಧಿ. ಸದರಿ ನಕ್ಷತ್ರಕ್ಕೆ ಬಟ್ಟೆ ತೊಡಿಸಿದವನು ನಾನು. ಶಿಕ್ಷೆ ಏನಿದ್ದರೂ ನನಗೇ ಆಗತಕ್ಕದ್ದು.' ಕೆಳಗೆ ಮೇಷ್ಟ್ರ ಸಹಿ, ಪಕ್ಕದಲ್ಲಿ ನೀಲಿ ಹೆಬ್ಬೆಟ್ಟಿನ ಕಲೆ.

ಪ್ರಕೃತಿ ಇಂಥ ಕೇಂದ್ರಗಳನ್ನು ಸದಾ ಮುಚ್ಚಿಯೇ ಇಡುತ್ತದೆ ಎಂಬ ಊಹೆಯೊಂದು ನಮ್ಮ ಶಾಸ್ತ್ರದಲ್ಲಿದೆ. ಅದಕ್ಕೆ ವಿಶ್ವದ ಸೆನ್ಸಾರ್ ಎಂದೇ ಹೆಸರು. ಆ ಊಹೆಯನ್ನು ಪ್ರಶ್ನಿಸುವುದೇ ನನ್ನ ಪ್ರಸ್ತಾವವಾಗಿತ್ತು.

"ಹಾಗಾದ್ರೆ ನಿಮ್ಮ ಟೈಪಿಸ್ಟು ಪ್ರಕೃತಿಯ ಕಡೆಯವರು" ಅಂದರು ಅಧ್ಯಕ್ಷರು. "ಅವರನ್ನ ಹೇಗೆ ಒಪ್ಪಿಸ್ತೀರಿ? ಹೇಳಿ ನೋಡೋಣ."

ಮೇಷ್ಟ್ರು ಎದುರಿಗೆ ಕೂತಿದ್ದಾರೆಂದೇ ಭಾವಿಸಿಕೊಂಡು ಹೇಳಿದೆ. ಆಮೇಲೆ ಆ ಮೂವರೂ ನಗು ಬಿಟ್ಟು, ಮುಕ್ಕಾಲು ಗಂಟೆ ನನ್ನ ಬೆವರಿಳಿಸಿದರು. ತಿಂಗಳಾದ ಮೇಲೆ ಫೆಲೋಶಿಪ್ ಸಿಕ್ಕಿದ ಆದೇಶ ಬಂತು. ಮೇಷ್ಟ್ರು ಅದನ್ನು ಎರಡು ಸಲ ಓದಿ, "ಸ್ಪೆಲಿಂಗ್ ಎರಡು ತಪ್ಪಿದೆ, ಪರವಾಗಿಲ್ಲ" ಎಂದು ಮಡಿಸಿಕೊಟ್ಟು, ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಅಂದಿನಿಂದ ಅವರ ಧರ್ಮ ಬದಲಾಯಿತು. "ಅರ್ಥ ಆಗದೆ ಟೈಪ್ ಮಾಡಿ ಒಂದ್ಸಲ ಕೆಟ್ಟಿದ್ದು ಸಾಕು. ಹೇಳ್ಕೊಡಿ, ಆಮೇಲೇ ಮೆಷಿನ್ ಮುಟ್ಟೋದು." ಫೆಲೋಶಿಪ್ಪಿನ ಅಷ್ಟೂ ವರ್ಷ ಪ್ರತಿ ಶನಿವಾರ ನಾನು ಬರೆದದ್ದನ್ನೆಲ್ಲ ಅವರಿಗೆ ವಿವರಿಸಬೇಕಾಯಿತು. "ಇದು ನಿಮಗೇ ಗೊತ್ತಿಲ್ಲ ಅನ್ಸುತ್ತೆ" ಎಂದು ಹಾಳೆ ವಾಪಸ್ಸು ಕೊಟ್ಟದ್ದುಂಟು. ಮನೆಗೆ ಬಂದು ನೋಡಿದರೆ ಹೆಚ್ಚಿನ ಸಲ ಅವರ ಮಾತೇ ನಿಜವಾಗಿರುತ್ತಿತ್ತು.

ಕಂಪ್ಯೂಟರ್ ಬಂದು ಟೈಪಿಂಗ್ ಶಾಲೆ ಮುಚ್ಚಿತು. ಮೇಷ್ಟ್ರು ದಟ್ಟಗಳ್ಳಿಯ ಮಗಳ ಮನೆಗೆ ಹೋದರು. ಎರಡು ಸಾವಿರದ ಇಸವಿ ದಾಟಿದ ಮೇಲೆ, ಹಾಸಿಗೆ ಹಿಡಿದಿದ್ದಾಗ ನೋಡಲು ಹೋಗಿದ್ದೆ.

"ಆ ನಕ್ಷತ್ರ ಮುಚ್ಕೊಂಡಿರುತ್ತೋ ಇಲ್ವೋ, ಕೊನೆಗೂ ಗೊತ್ತಾಯ್ತೇನಮ್ಮ?"

"ಇಲ್ಲ ಮೇಷ್ಟ್ರೇ. ಇನ್ನೂ ಯಾರಿಗೂ ಗೊತ್ತಾಗಿಲ್ಲ."

"ಅಂಗಾದ್ರೆ ನಾನು ಮಾಡಿದ್ದು ತಪ್ಪು ಅಂತ ಇನ್ನೂ ಸಾಬೀತಾಗಿಲ್ಲ" ಎಂದು ಗೋಡೆಯ ಕಡೆ ಮಗ್ಗುಲಾದರು.

ಆ ಬೇಸಿಗೆ ಮುಗಿಯುವ ಮುಂಚೆ ಹೋಗಿಬಿಟ್ಟರು. ನನಗೆ ಕಲಿಸಿದ ಪ್ರೊಫೆಸರುಗಳು ಬಹಳ ಮಂದಿ, ಎಲ್ಲರಿಗೂ ಋಣಿ. ಆದರೆ ಅರ್ಥವಾಗಲಿಲ್ಲ ಎಂದು ನೇರವಾಗಿ ಹೇಳಿ, ಅರ್ಥವಾಗುವವರೆಗೆ ಎದ್ದು ಹೋಗದೆ ಕೂತವರು ಅವರೊಬ್ಬರೇ.